ಅಡ್ಮಿನಿಸ್ಟ್ರೇಟರ್ ರಾಯರು

ಕಂಪ್ಯೂಟರಿನ ಕ್ಯಾಮೆರಾಕ್ಕೆ ಬ್ಯಾಂಡೇಜ್ ಪಟ್ಟಿ ಮೆತ್ತಿ, ಪಾಸ್‌ವರ್ಡನ್ನು ಮಾತ್ರ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸುವವರು ಪ್ರತಿ ಬಡಾವಣೆಯಲ್ಲೂ ಒಬ್ಬರಿರುತ್ತಾರೆ. ರಾಯರು ಎನ್ನೋಣ. ನಿವೃತ್ತರು. ರಷ್ಯಾ, ಚೀನಾ ಮತ್ತು ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ, ಮೂವರೂ ಸೇರಿ ತಮ್ಮ ಪಿಂಚಣಿ ಲೆಕ್ಕದ ಎಕ್ಸೆಲ್ ಫೈಲಿಗೆ ಹೊಂಚು ಹಾಕಿದ್ದಾರೆ ಎಂಬುದು ಅವರ ದೃಢ ನಂಬಿಕೆ. ಅದಕ್ಕೇ ಎರಡು ಆಂಟಿವೈರಸ್, ಒಂದು ಕ್ಲೀನರ್, ಒಂದು ಬೂಸ್ಟರ್. ಎರಡು ಆಂಟಿವೈರಸ್ಸೂ ಒಂದೇ ಫೈಲಿನ ಮೇಲೆ ಒಟ್ಟಿಗೆ ಮುಗಿಬಿದ್ದು ಯಂತ್ರ ಏದುಸಿರು ಬಿಡುತ್ತದೆ. ಗೂಢಚಾರ ಹೊಕ್ಕಿದ್ದಕ್ಕೆ ಅದೇ ಸಾಕ್ಷಿಯೆಂದು ರಾಯರು ಮೂರನೆಯದನ್ನೂ ಹಾಕುತ್ತಾರೆ.

ಅವರ ಭಯ ಸುಳ್ಳಲ್ಲ, ದಿಕ್ಕು ತಪ್ಪಿದೆ ಅಷ್ಟೆ. ಸ್ಪೈವೇರ್ ಗೋಡೆ ಹಾರಿ ಬರುವುದು ಕಡಿಮೆ. ಹೆಚ್ಚಿನ ಪಾಲು ಮನೆಯವರೇ ಕರೆದು ಕೂರಿಸಿದ್ದು. ರಾಯರಿಗೆ ಕನ್ನಡ ಟೈಪಿಸಲು ‘ನುಡಿ’ ತಂತ್ರಾಂಶ ಬೇಕು. ಗೂಗಲ್‌ನಲ್ಲಿ ‘ಫ್ರೀ ಡೌನ್‌ಲೋಡ್’ ಎಂದು ಹುಡುಕಿ, ಪುಟದಲ್ಲಿ ಎಲ್ಲಕ್ಕಿಂತ ದೊಡ್ಡದಾದ ಹಸಿರು ಗುಂಡಿಯನ್ನೇ ಒತ್ತುತ್ತಾರೆ. ಆಮೇಲೆ ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ. ಮೊದಲೇ ಟಿಕ್ ಆಗಿದ್ದ ಚೌಕದಲ್ಲಿ ಒಂದು ಟೂಲ್‌ಬಾರ್ ಕೂತಿತ್ತು, ಓದಿದವರಾರು? ಆಸ್ತಿಪತ್ರವನ್ನು ಮೂರು ಬಾರಿ ಓದಿ, ಅಲ್ಪವಿರಾಮಕ್ಕೂ ತಕರಾರು ತೆಗೆಯುವ ಮನುಷ್ಯ ಇವರೇ. ಕ್ರ್ಯಾಕ್ ಮಾಡಿದ ಆಫೀಸ್ ಹಾಕುವಾಗಂತೂ ಸೂಚನೆಯ ಮೊದಲ ಸಾಲೇ ‘ಆಂಟಿವೈರಸ್ ಆಫ್ ಮಾಡಿ’ ಎಂದಿರುತ್ತದೆ. ರಾಯರು ವಿಧೇಯರಾಗಿ ಆಫ್ ಮಾಡುತ್ತಾರೆ.

ದುಡ್ಡು ಕೊಟ್ಟು ಅಸಲಿಯನ್ನೇ ಕೊಂಡರೆ ಈ ಪೀಡೆ ಇಲ್ಲವಲ್ಲ ಎನ್ನಬಹುದು. ಪೂರ್ತಿ ನಿಜವಲ್ಲ. 2005ರಲ್ಲಿ ಸೋನಿ ಬಿಎಂಜಿ ಮಾರಿದ ಅಸಲಿ ಹಾಡಿನ ಸಿ.ಡಿ.ಗಳಲ್ಲೇ ವಿಂಡೋಸ್‌ನೊಳಗೆ ಅವಿತು ಕೂರುವ ತಂತ್ರಾಂಶವಿತ್ತು. ಮಾರ್ಕ್ ರುಸಿನೋವಿಚ್ ಎಂಬ ತಂತ್ರಜ್ಞರು ಅದನ್ನು ಬಯಲಿಗೆಳೆದ ಮೇಲೆ ಕಂಪನಿ ಸಿ.ಡಿ.ಗಳನ್ನು ವಾಪಸು ಪಡೆಯಬೇಕಾಯಿತು. ಕಾವಲುಗಾರರಾದರೂ ಸಾಚಾ ಇರಬೇಡವೇ? ಅವಾಸ್ಟ್ ಎಂಬ ಹೆಸರಾಂತ ಆಂಟಿವೈರಸ್, ಬಳಕೆದಾರರು ಯಾವ ಯಾವ ವೆಬ್‌ಸೈಟ್ ನೋಡಿದರೆಂಬ ವಿವರವನ್ನು ತನ್ನ ಅಂಗಸಂಸ್ಥೆ ಜಂಪ್‌ಶಾಟ್ ಮೂಲಕ ಮಾರಿತ್ತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದಕ್ಕೆ 1.65 ಕೋಟಿ ಡಾಲರ್ ಕಟ್ಟಿಸಿತು. ಅಂದಮೇಲೆ ಕಾವಲಿಗೆ ಆಳು ಹೆಚ್ಚಿದಷ್ಟೂ ಕಣ್ಣಿಡಬೇಕಾದವರೂ ಹೆಚ್ಚುತ್ತಾರೆ.

ಹಾಗಾದರೆ ಕೈಕಟ್ಟಿ ಕೂರಬೇಕೇ ಎಂದು ರಾಯರು ಗುಡುಗುತ್ತಾರೆ. ಬಹುಮಟ್ಟಿಗೆ ಹೌದು, ಮತ್ತು ಅವರಿಗೆ ಆಗದಿರುವುದೇ ಅದು. ವಿಂಡೋಸ್‌ನಲ್ಲೇ ಬರುವ ಡಿಫೆಂಡರ್ ಮನೆಬಳಕೆಗೆ ಧಾರಾಳ ಸಾಕು. ಅಪ್‌ಡೇಟ್ ಬಂದಾಗ ಬರಲು ಬಿಡಬೇಕು, ತಂತ್ರಾಂಶವನ್ನು ಅದರ ತಯಾರಕರ ತಾಣದಿಂದಲೇ ಇಳಿಸಬೇಕು. ಆದರೆ ಪುಕ್ಕಟೆ ಸಿಕ್ಕಿ ಸದ್ದಿಲ್ಲದೆ ದುಡಿಯುವುದನ್ನು ರಾಯರು ನಂಬುವುದುಂಟೇ? ಕೆಂಪಕ್ಷರದಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ 847 ದೋಷಗಳಿವೆ’ ಎಂದು ಹೆದರಿಸಿ, ಗುಂಡಿ ಒತ್ತಿಸಿಕೊಂಡು, ‘ಸರಿಹೋಯಿತು’ ಎಂದು ಶಹಬ್ಬಾಸ್ ಹೇಳುವ ಕ್ಲೀನರೇ ಬೇಕು. ಬೆಳಗಿನ ಕಾಫಿಯಿಂದ ಊಟದ ಹೊತ್ತಿನವರೆಗೆ ಅದೊಂದು ಉದ್ಯೋಗ. ಇನ್ನೊಂದು ಸಲಹೆಯಂತೂ ಅವರ ಮುಂದೆ ಎತ್ತುವ ಹಾಗೇ ಇಲ್ಲ: ದಿನಬಳಕೆಗೆ ಅಡ್ಮಿನಿಸ್ಟ್ರೇಟರ್ ಖಾತೆ ಬಿಟ್ಟು ಸ್ಟ್ಯಾಂಡರ್ಡ್ ಯೂಸರ್ ಖಾತೆ ಇಟ್ಟುಕೊಂಡರೆ ಬೇಡದ ಎಷ್ಟೋ ತಂತ್ರಾಂಶಗಳು ಪಾಸ್‌ವರ್ಡ್ ಕೇಳುವ ಹಂತದಲ್ಲೇ ನಿಲ್ಲುತ್ತವೆ. ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದ ರಾಯರಿಗೆ ಇಂದು ಉಳಿದಿರುವ ಹುದ್ದೆ ಅದೊಂದೇ. ಅದರಿಂದಲೂ ಹಿಂಬಡ್ತಿ ಎಂದರೆ ಮೇಲ್ಮನವಿ ಸಲ್ಲಿಸದೆ ಬಿಡುವವರಲ್ಲ.