ಮರುಭೂಮಿಗೆ ಟಿ.ಟಿ.

ಅಮೆರಿಕದ ಅಳಿಯ ಹಾಸಿಗೆ, ಒಲೆ ಎಲ್ಲ ಇರುವ ವ್ಯಾನಿನಲ್ಲಿ ಮರುಭೂಮಿ, ಬೆಟ್ಟ ಸುತ್ತಿದ ಫೋಟೊ ಕಳಿಸಿದ್ದೇ ತಡ, ನಮ್ಮ ಬಳಗಕ್ಕೂ ಹುಚ್ಚು ಹಿಡಿಯಿತು. ಹಾಸನದಲ್ಲಿ ಟಿ.ಟಿ., ಅಂದರೆ ಟೆಂಪೊ ಟ್ರಾವೆಲರ್, ಬಾಡಿಗೆಗೆ ಸಿಗುತ್ತದೆ. ಮರುಭೂಮಿ? "ತಲಕಾಡು ಇಲ್ವೇನೋ!" ಎಂದರು ಹೊಳೆನರಸೀಪುರದ ದೊಡ್ಡಮ್ಮ. ಗುಡಿಗಳನ್ನೇ ಹೂತುಹಾಕಿದ ಮರಳು, ಪಕ್ಕದಲ್ಲೇ ಕಾವೇರಿ. ಇಂಥ ಅನುಕೂಲ ಸಹಾರಾದಲ್ಲೂ ಇಲ್ಲ! ಬೆಟ್ಟಕ್ಕೆ 1,930 ಮೀಟರಿನ ಮುಳ್ಳಯ್ಯನಗಿರಿ, ರಾಷ್ಟ್ರೀಯ ಉದ್ಯಾನಕ್ಕೆ ಬಂಡೀಪುರ.

ತಕರಾರು ಎದ್ದದ್ದು ಸಾಮಾನಿನಲ್ಲಿ. ಅರಕಲಗೂಡಿನ ಭಾವ ಒಂದು ಮೂಟೆ ಆಲೂಗಡ್ಡೆ ತರುತ್ತಾರಂತೆ. ಚನ್ನರಾಯಪಟ್ಟಣದ ಚಿಕ್ಕಪ್ಪ ಎಳನೀರಿನ ಗೊನೆಗಳನ್ನು. ಗ್ಯಾಸ್ ಒಲೆ, ಮುದ್ದೆ ಕೋಲು, ಬಸ್ಸಾರಿನ ಪಾತ್ರೆ ಏರಿದ ಮೇಲೆ ಮನುಷ್ಯರಿಗೆ ಜಾಗ ಉಳಿಯುವುದು ಅನುಮಾನ.

"ಕಾಡಲ್ಲೇ ಗಾಡಿ ಹಾಕ್ಕೊಂಡು ಮಲಗೋಣ ಕಣಯ್ಯ" ಎಂದು ಭಾವನ ಹಟ. ಬಂಡೀಪುರದ ಹೆದ್ದಾರಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಮ್ಮಂಥವರಿಗೆ ಬಂದ್. ಹಗಲಲ್ಲೂ ಕಾಡಿನ ನಡುವೆ ನಿಲ್ಲಿಸುವಂತಿಲ್ಲ. ಒಲೆ ಹಚ್ಚುವ ಮಾತು ಇನ್ನೆಲ್ಲಿ? ಆನೆಗೆ ಬಸ್ಸಾರಿನ ಘಮ ಹತ್ತಿದರೆ ಬಡಿಸುವವರು ಯಾರು? ಆನೆ ನೋಡಬೇಕೆಂದರೆ ಆಲೂರು, ಸಕಲೇಶಪುರದ ಕಾಫಿ ತೋಟಗಳಿಗೇ ಅವು ಬರುತ್ತವೆ, ಟಿಕೆಟ್ಟಿಲ್ಲದೆ. ಅಲ್ಲಿಯವರಿಗೆ ಮಾತ್ರ ಅದು ತಮಾಷೆಯಲ್ಲ.

ನೀವೂ ಹೊರಡುವುದಾದರೆ ಕತ್ತಲಾಗುವ ಮೊದಲೇ ಗುಂಡ್ಲುಪೇಟೆಯಲ್ಲಿ ರೂಮು ಹಿಡಿಯಿರಿ. ಆಲೂಗಡ್ಡೆ ಅಲ್ಲೂ ಸಿಗುತ್ತದೆ.