ಹರಕತ್ ಕಾಕಾ

ಹೆಸರು ಬೇರೆಯೇ ಇದೆ. ಆದರೆ ಪುಣೆಯ ಮಗರಪಟ್ಟಾದ ಅದಿತಿ ಗಾರ್ಡನ್ನಿನಲ್ಲಿ ಬೆಳಿಗ್ಗೆ ಸುತ್ತು ಹಾಕುವ ಕನ್ನಡ ಮಂದಿಗೆಲ್ಲ ಅವರು ಹರಕತ್ ಕಾಕಾ. ಪಾಲಿಕೆಯ 'ಹರಕತಿ-ಸೂಚನಾ', ಅಂದರೆ ಆಕ್ಷೇಪಣೆ-ಸಲಹೆಯ ಪ್ರಕಟಣೆ ಮರಾಠಿ ಪೇಪರಿನ ಯಾವ ಮೂಲೆಯಲ್ಲಿ ಅಡಗಿದ್ದರೂ ಹೆಕ್ಕಿ ತೆಗೆಯುತ್ತಾರೆ. ವಿಜಯಪುರದ ಕಡೆಯವರು. ನಿವೃತ್ತರಾಗಿ ಮಗನ ಫ್ಲ್ಯಾಟಿಗೆ ಬಂದರು. ಮಗ, ಸೊಸೆ ಸೈಬರ್‌ಸಿಟಿಯಲ್ಲಿ ಕಂಪ್ಯೂಟರ್ ನೋಡುತ್ತಾರೆ; ಊರು ನೋಡಿಕೊಳ್ಳುವ ಕೆಲಸ ಇವರ ಪಾಲಿಗೆ ಬಂತು.

ಬಗಲಲ್ಲಿ ಲಾಡಿ ಕಟ್ಟಿದ ಕಡತ, ಜೇಬಿನಲ್ಲಿ ಸ್ಕೇಲು, ಭೂತಗನ್ನಡಿ. ನಕಾಶೆಯನ್ನು ಬೆಂಚಿನ ಮೇಲೆ ಹಾಸಿ, ಗಾಳಿಗೆ ಹಾರದಂತೆ ಒಂದೊಂದು ಮೂಲೆಗೆ ಕೊಡೆ, ಕನ್ನಡಕದ ಡಬ್ಬಿ, ನೀರಿನ ಬಾಟಲಿ, ನಾಲ್ಕನೆಯದಕ್ಕೆ ಕೈಗೆ ಸಿಕ್ಕವನ ಮೊಬೈಲು ಇಡುತ್ತಾರೆ. ಆಕ್ಷೇಪಣೆಗೆ ಸಹಿ ಬಿದ್ದ ಮೇಲೆಯೇ ಮೊಬೈಲಿಗೆ ಬಿಡುಗಡೆ.

"ಇಲ್ಲಿ ನೋಡ್ರಿ, ಮೊನ್ನಿತನಾ ಹಸಿರಿತ್ತು. ಹಳದಿ ಹ್ಯಾಂಗಾತು?"

"ಪ್ರಿಂಟಿಂಗ್ ಮಿಸ್ಟೇಕ್ ಇರಬೇಕು ಕಾಕಾ."

"ಹಂಗಾರ ಎಲ್ಲಾ ಮಿಸ್ಟೇಕೂ ಬಿಲ್ಡರ್ ಕಡೀಗೇ ಯಾಕ ಹೊಳ್ಳತಾವು?"

2013ರಲ್ಲಿ ಪುಣೆಯ ಕರಡು ವಿಕಾಸ ಯೋಜನೆ ಹೊರಬಿದ್ದಾಗ ಸುಮಾರು 87 ಸಾವಿರ ಆಕ್ಷೇಪಣೆ-ಸಲಹೆಗಳು ಬಂದವು. ಎಲ್ಲವೂ ಕಾಕಾರವಲ್ಲ, ಆ ಲೆಕ್ಕ ಹೇಳುವಾಗ ಅವರ ಮುಖ ನೋಡಿದರೆ ಮಾತ್ರ ಅನುಮಾನ ಬರುತ್ತದೆ. ಯೋಜನೆ 2007ರಿಂದ 2027ರವರೆಗಿನದು, ಮಂಜೂರಾದದ್ದು 2017ರಲ್ಲಿ. ನಮಗೆಲ್ಲ ನಗು. ಕಾಕಾಗೆ ಉಳಿದರ್ಧಕ್ಕೆ ಬರೆಯುವ ಹುರುಪು. ಇಂಥ ಹಠಮಾರಿ ಇಲ್ಲದ ಊರಿನಲ್ಲಿ ಶಾಲೆಗೆಂದು ಕಾದಿಟ್ಟ ಜಾಗ ಯಾವಾಗ ಮಳಿಗೆಯಾಯಿತೆಂದು ಯಾರಿಗೂ ತಿಳಿಯುವುದಿಲ್ಲ, ಅದನ್ನೂ ಹೇಳಬೇಕು.

ಒಂದು ಬೆಳಿಗ್ಗೆ ಗಾಂಧಿ ಟೋಪಿಯ ಅಜ್ಜರೊಬ್ಬರು ಬೆಂಚಿನ ತುದಿಯಲ್ಲಿ ಕೂತರು. ಕಾಕಾ ಪೆನ್ನು ಚಾಚಿದರು. ಅಜ್ಜ ನಕಾಶೆ ನೋಡಲೇ ಇಲ್ಲ, ಕಾಲಡಿಯ ಹುಲ್ಲು ತೋರಿಸಿದರು: ಇಲ್ಲೆಲ್ಲ ನಮ್ಮ ಕಬ್ಬು ಇತ್ತು. ನಗರ ಬಂದು ಹೊಲ ನುಂಗುವ ಮೊದಲೇ ಸುಮಾರು 120 ರೈತ ಕುಟುಂಬಗಳು 400 ಎಕರೆಗೂ ಮಿಕ್ಕ ನೆಲವನ್ನು ಒಂದುಗೂಡಿಸಿ, ಎಕರೆಗೆ ತಕ್ಕಷ್ಟು ಶೇರು ಇಟ್ಟುಕೊಂಡು ತಾವೇ ಕಂಪನಿ ಕಟ್ಟಿ ಮಗರಪಟ್ಟಾ ಎಬ್ಬಿಸಿದ ಕಥೆ. ಅವರಲ್ಲೇ ಒಬ್ಬರಾದ ಸತೀಶ್ ಮಗರ್ ಮುಂದೆ ನಿಂತರು, 1993ರ ಮಾತು 2000ದಲ್ಲಿ ಕಾಮಗಾರಿಗೆ ಬಂತು.

ಕಾಕಾ ತಮ್ಮ ಮರಾಠಿಯಲ್ಲಿ ಕೇಳಿದ್ದು ಒಂದೇ: "ಅಣ್ಣತಮ್ಮಂದ್ರು ತಕರಾರು ತೆಗೀಲಿಲ್ಲ?"

"ತೆಗೆದ್ರು. ಕೂತು ಮಾತಾಡಿದ್ವಿ."

ಕಾಕಾ ಪೆನ್ನಿನ ಮುಚ್ಚಳ ಹಾಕಿದರು. ಊರಲ್ಲಿ ಇವರಿಗೂ ತಮ್ಮನಿಗೂ ಹದಿನಾಲ್ಕು ಗುಂಟೆ ಜಮೀನಿದೆ, ನಡುವೆ ಒಂದು ಬದು, ಬದುವಿನ ಮೇಲೊಂದು ಬೇವಿನ ಮರ. ಮರ ಯಾರದೆಂಬುದು ಇನ್ನೂ ಕೋರ್ಟಿನಲ್ಲಿದೆ.

ಮೊನ್ನೆ ಆ ತಮ್ಮ ಫೋನ್ ಮಾಡಿದ್ದ. ಹೊಲದ ಮೇಲೆ ರಸ್ತೆ ಹಾಯುವ ನೋಟೀಸು ಬಂದಿದೆಯಂತೆ. ಜಂಟಿ ಆಕ್ಷೇಪಣೆಗೆ ಅಣ್ಣನ ಸಹಿ ಬೇಕು. ತಮ್ಮ ಕೇಳಿದ ರೀತಿಗೇ ಮೂರು ಪುಟದ ಹರಕತ್ತು ಬರೆದು ಕಾಕಾ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದಾರೆ, ಒಂದು ಪ್ರತಿ ತಹಸೀಲ್ದಾರರಿಗೆ.