ಅಂಗಳದ ಮೆಂಡಲ್

ಪನ್ನೆಟ್ ಚೌಕ ಬಲ್ಲವನಿಗೆ ಪಂಚಾಂಗದ ಹಂಗಿಲ್ಲ. ಅಪ್ಪನ ಅಕ್ಷರ ಮೇಲೆ, ಅಮ್ಮನದು ಪಕ್ಕಕ್ಕೆ ಬರೆದು ನಾಲ್ಕು ಮನೆ ತುಂಬಿದರೆ ಸಂತಾನದ ಜಾತಕ ಸಿದ್ಧ. ಹತ್ತನೇ ತರಗತಿಯ ಮಗಳಿಗೆ ಪಾಠ ಹೇಳಿಕೊಡಲು ಕೂತ ನನಗೆ ಈ ವಿದ್ಯೆ ತಲೆಗೇರಿತು. ಅವಳು ಮುಂದಿನ ಪಾಠಕ್ಕೆ ಹೋದರೂ ನನ್ನದು ಇಳಿಯಲಿಲ್ಲ.

ಸಂಜೆಮಲ್ಲಿಗೆಯನ್ನು ಆರಿಸಿಕೊಂಡೆ. ಅದರಲ್ಲಿ ಕೆಂಪು ಬಿಳಿಯನ್ನು ಪೂರ್ತಿ ಮುಚ್ಚುವುದಿಲ್ಲ; ಎರಡಕ್ಕೂ ಸಂಬಂಧ ಮಾಡಿಸಿದರೆ ಮಕ್ಕಳೆಲ್ಲ ಗುಲಾಬಿ. ಮೊಮ್ಮಕ್ಕಳಲ್ಲಿ ಒಂದು ಪಾಲು ಕೆಂಪು, ಎರಡು ಪಾಲು ಗುಲಾಬಿ, ಒಂದು ಪಾಲು ಬಿಳಿ. ಕೆಂಪು ಗಿಡ ಬೇಲಿ ಪಕ್ಕದಲ್ಲೇ ಇತ್ತು. ಬಿಳಿಯದನ್ನು ಎದುರುಮನೆ ಅಜ್ಜಿಯಿಂದ ಬೇಡಿ ತಂದೆ, ಬೀದಿಗೆಲ್ಲ ಗುಲಾಬಿ ಬಣ್ಣದ ಸಸಿ ಹಂಚುವ ಭರವಸೆಯ ಮೇಲೆ.

ಆ ಹೂ ಅರಳುವುದು ಇಳಿಹೊತ್ತಿಗೆ. ನಾನು ನಿಧಾನವಾಗಿ ಕಾಫಿ ಮುಗಿಸಿ, ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಬಿಳಿಯ ಪರಾಗ ತಂದು ಕೆಂಪಿಗೆ ಸವರಿದೆ.

“ಅಪ್ಪಾ, ಕೇಸರ ಕಿತ್ತಿದ್ದೀಯಾ?”

“ಪರಾಗ ಹಚ್ಚಿದೀನಲ್ಲ, ಸಾಕು ಬಿಡು.”

ಬ್ರನೋ ಊರಿನ ಮಠದಲ್ಲಿದ್ದ ಗ್ರೆಗರ್ ಮೆಂಡಲ್‌ಗೆ ಅಷ್ಟು ಸಾಲುತ್ತಿರಲಿಲ್ಲ. ಬಟಾಣಿಯ 34 ತಳಿ ತರಿಸಿ, ಎರಡು ವರ್ಷ ಬೆಳೆದು ಪರೀಕ್ಷಿಸಿ, ಗುಣ ಕೆಡದ 22ನ್ನು ಮಾತ್ರ ಇಟ್ಟುಕೊಂಡ ಮನುಷ್ಯ. ಮೊಗ್ಗು ಬಿರಿಯುವ ಮೊದಲೇ ಚಿಮಟದಿಂದ ಕೇಸರ ಕಿತ್ತು, ಬೇರೆ ಗಿಡದ ಪರಾಗ ಹಚ್ಚಿ, ಹೂವಿಗೆ ಚೀಲ ಕಟ್ಟುತ್ತಿದ್ದ. 1856ರಿಂದ 1863ರವರೆಗೆ ಬೆಳೆಸಿದ್ದು ಸುಮಾರು 28,000 ಗಿಡ. ಅಷ್ಟಾಗಿಯೂ ದುಂಡು ಬಟಾಣಿ 5,474, ಸುಕ್ಕಿನದು 1,850. ಭಾಗಿಸಿದರೆ ಚೌಕ ಹೇಳುವ ಮೂರಲ್ಲ, 2.96! ನಾನೋ, ನಾಲ್ಕಾರು ಕುಂಡ ಇಟ್ಟುಕೊಂಡು ಪಾಲು ಲೆಕ್ಕ ಹಾಕುತ್ತಿದ್ದೆ.

ಸಂಜೆಮಲ್ಲಿಗೆ ಬೀಜ ಥೇಟ್ ಕಾಳುಮೆಣಸಿನ ಹಾಗೆ. ಒಣಗಲೆಂದು ಬಟ್ಟಲಲ್ಲಿ ಹಾಕಿ ಅಡುಗೆಮನೆ ಕಟ್ಟೆಯ ಮೇಲಿಟ್ಟೆ. ಸಾರಿಗೆ ಕುಟ್ಟಲು ಹೊರಟ ಹೆಂಡತಿ ಅನುಮಾನ ಬಂದು ಮೂಸಿದ್ದಕ್ಕೆ ಬಚಾವಾದೆವು. ಆ ಬೀಜ ವಿಷ.

“ರೀ, ಮುಂದಿನ ಪೀಳಿಗೆ ನೋಡೋ ಆತುರಕ್ಕೆ ಈ ಪೀಳಿಗೇನೇ ಮುಗಿಸ್ತೀರೇನು?”

ಅಂತೂ ಬಿತ್ತಿದೆ, ಹೂ ಬಿಟ್ಟಿತು. ಕೆಂಪು. ಎಲ್ಲ ಕೆಂಪು. ಬಾಡುವಾಗ ಈ ಹೂವಿನ ಕೇಸರವೂ ಶಲಾಕೆಯೂ ಸುರುಳಿ ಸುತ್ತಿ ಒಂದಕ್ಕೊಂದು ತಗಲುತ್ತವೆ. ಅಂದರೆ ನನ್ನ ಹತ್ತಿಕಡ್ಡಿಯನ್ನು ಕಾಯದೆ ಅದು ತನ್ನ ಸಂಸಾರ ತಾನೇ ಮಾಡಿಕೊಂಡಿತ್ತು. ಒಂದು ಗಿಡದಲ್ಲಂತೂ ಕೆಂಪಿನ ಮೇಲೆ ಹಳದಿ ಗೀರು ಬೇರೆ.

ಅಜ್ಜಿ ನನ್ನ ಚೌಕದ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಕೇಳಿದರು: “ಈ ಹಳದಿ ಯಾವ ಮನೇದಪ್ಪಾ?”

ಉತ್ತರ ಎಲ್ಲಿಂದ ತರಲಿ? ಚೀಲ ಕಟ್ಟದ ಹೂವಿಗೆ ರಾತ್ರಿ ಯಾವ ಪತಂಗ ಬಂದು ಹೋಯಿತೋ. ಬೇಲಿಯ ಗಿಡದ ಅಪ್ಪ ಅಮ್ಮ ಯಾರೆಂದೂ ನಾನು ವಿಚಾರಿಸಿರಲಿಲ್ಲ. ಹೆಣ್ಣು ನೋಡಲು ಹೋದರೆ ಏಳು ತಲೆಮಾರು ಕೆದಕುವ ವಂಶ ನನ್ನದು!

ಮೆಂಡಲ್ ಕೂಡ ಆಮೇಲೆ ಹಾಕ್‌ವೀಡ್ ಎಂಬ ಗಿಡ ಹಿಡಿದು ಸೋತ. ಅದು ಪರಾಗದ ಹಂಗಿಲ್ಲದೆಯೇ ಬೀಜ ಕಟ್ಟುವ ಜಾತಿ. ಇದನ್ನು ಮನೆಯಲ್ಲಿ ಹೇಳಿ ಸಮಾಧಾನ ಪಡೆಯಲು ನೋಡಿದೆ. “ಅವರು ಬೀಜಾನ ಸಾರಿಗೆ ಹಾಕೋಕೆ ಇಟ್ಟಿರಲಿಲ್ಲ” ಎಂಬ ಉತ್ತರ ಬಂತು.

ಕೆಂಪು ಸಂಜೆಮಲ್ಲಿಗೆಯ ಬೀಜ ನಮ್ಮಲ್ಲಿ ಬೇಕಾದಷ್ಟಿದೆ, ಬಂದು ಒಯ್ಯಿರಿ. ಗುಲಾಬಿ ಬಣ್ಣದ್ದೇ ಬೇಕೆಂದವರು ನರ್ಸರಿಗೆ ಹೋಗುವುದು ವಾಸಿ.